ಮಿನಿ ಟ್ರ್ಯಾಕ್ಟರ್‌ಗೆ ಆಯಿಲ್ ಪ್ರೆಷರ್ ಗೇಜ್ ಕಿಟ್: ಕೊಂಡು ಬಳಸಿದವನ ಮಾತು

ಹಳೆ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಹುಟ್ಟಿಸುವಷ್ಟು ಭಯ ಬೇರೆ ಯಾವುದೂ ಹುಟ್ಟಿಸುವುದಿಲ್ಲ. ಆದರೆ ಆ ಲೈಟಿಗೆ ಗೊತ್ತಿರುವುದು ಎರಡೇ ಸಂಗತಿ. ಎಂಜಿನ್ ಆಯಿಲ್ಲಿನ ಪ್ರೆಷರ್ ಒಂದು ಮಟ್ಟಕ್ಕಿಂತ ಮೇಲಿದೆ, ಇಲ್ಲಾಂದ್ರೆ ಕೆಳಗಿದೆ. ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಅದು ಹೇಳುವುದಿಲ್ಲ. ತಾನೇ ಕೆಟ್ಟು ಕೂತಿದ್ದರೆ ಅದನ್ನೂ ಹೇಳುವುದಿಲ್ಲ.

ಅದಕ್ಕೇ ಈ ಆಯಿಲ್ ಪ್ರೆಷರ್ ಟೆಸ್ಟ್ ಕಿಟ್ ತಂದೆ. ಒಂದು ಗೇಜ್, ಒಂದು ಹೋಸ್, ಹೋಸನ್ನು ಎಂಜಿನ್ನಿಗೆ ಜೋಡಿಸುವ ಒಂದಷ್ಟು ಹಿತ್ತಾಳೆ ಅಡಾಪ್ಟರ್, ಒಂದು ಪ್ಲಾಸ್ಟಿಕ್ ಡಬ್ಬಿ. ಕರೆಂಟ್ ಬೇಡ, ಬ್ಯಾಟರಿ ಬೇಡ, ಮೊಬೈಲ್ ಆ್ಯಪ್ ಬೇಡ. ನನ್ನ ಟ್ರ್ಯಾಕ್ಟರ್ ಮೇಲೆ ಬಳಸಿದ್ದೇನೆ, ಗೆಳೆಯರೊಬ್ಬರ ಟ್ರ್ಯಾಕ್ಟರ್ ಮೇಲೂ ಬಳಸಿದ್ದೇನೆ. ಕೊಳ್ಳಬಹುದಾ ಅಂತ ಕೇಳಿದರೆ, ಧಾರಾಳವಾಗಿ ಕೊಳ್ಳಿ. ಆದರೆ ಡಬ್ಬಿಯಲ್ಲಿ ಬಂದ ಗೇಜನ್ನೇ ಕಣ್ಣುಮುಚ್ಚಿ ನಂಬಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನದು ಮೂರು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್. ಸೆಕೆಂಡ್ ಹ್ಯಾಂಡ್ ಗಾಡಿ. ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ಯಾವಾಗ ನಿಂತಿತು ಅನ್ನುವುದು ಹಿಂದಿನ ಮಾಲೀಕರಿಗೂ ನೆನಪಿರಲಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲ್ ಲೈಟ್ ತಕ್ಷಣ ಆರುತ್ತಿತ್ತು. ರೋಟವೇಟರ್ ಹಾಕಿ ಚೆನ್ನಾಗಿ ದುಡಿಸಿ, ಕೊನೆಗೆ ರೇಸ್ ಇಳಿಸಿದೆ ಅಂದರೆ ಲೈಟ್ ಮಿಣಮಿಣ ಅನ್ನಲು ಶುರು. ಸ್ವಲ್ಪ ರೇಸ್ ಕೊಟ್ಟರೆ ಮತ್ತೆ ಮಾಯ. ನೋಡಿದವರೆಲ್ಲ ಒಂದೊಂದು ಹೇಳಿದರು. "ಬೇರಿಂಗ್ ಸವೆದಿದೆ, ಎಂಜಿನ್ ಬಿಚ್ಚಲೇಬೇಕು" ಅಂದರು ಒಬ್ಬರು. "ದಪ್ಪ ಆಯಿಲ್ ಹಾಕಿ ಓಡಿಸ್ತಾ ಇರಿ, ಏನೂ ಆಗಲ್ಲ" ಅಂದರು ಇನ್ನೊಬ್ಬರು. ಎರಡೂ ಮಾತಿನ ಹಿಂದೆ ಅಳತೆ ಇರಲಿಲ್ಲ. ಎಂಜಿನ್ ಬಿಚ್ಚುವುದು ಅಂದರೆ ಸಣ್ಣ ಕೆಲಸವಲ್ಲ ಅಲ್ವಾ? ಬಿಚ್ಚುವ ಮೊದಲು ಒಂದು ಅಂಕಿ ಕೈಯಲ್ಲಿರಬೇಕು ಅನ್ನುವುದು ನನ್ನ ಹಟ.

ಡಬ್ಬಿಯೊಳಗೆ ಏನಿದೆ ಅನ್ನುವುದು ಮೊದಲು. ಗೇಜಿನ ಮುಖ ಅಂಗೈಯಗಲ ಇದೆ, ಸುತ್ತ ಕಪ್ಪು ರಬ್ಬರ್ ಕವಚ. ಡಯಲ್ ಮೇಲೆ ಪ್ರೆಷರಿನ ಎರಡು ಅಳತೆ: ಹೊರಗೆ 0ಯಿಂದ 10 ಬಾರ್, ಒಳಗೆ 0ಯಿಂದ 140 ಪಿಎಸ್ಐ. ಒಂದು ಬಾರ್ ಅಂದರೆ ಹದಿನಾಲ್ಕೂವರೆ ಪಿಎಸ್ಐ, ಹಾಗಾಗಿ ಎರಡೂ ಒಂದೇ ಮಾತನ್ನು ಹೇಳುತ್ತವೆ. ಹೋಸ್ ಗಟ್ಟಿ ರಬ್ಬರಿನದು, ಎಂಜಿನ್‌ನಿಂದ ಸ್ಟೀರಿಂಗ್‌ವರೆಗೆ ಆರಾಮಾಗಿ ಬರುತ್ತದೆ. ಇದು ದೊಡ್ಡ ಅನುಕೂಲ. ಸೀಟಿನ ಮೇಲೆ ಕೂತು ರೇಸ್ ಏರಿಸುತ್ತಾ, ಇಳಿಸುತ್ತಾ ಮುಳ್ಳು ನೋಡಬಹುದು. ಅಡಾಪ್ಟರ್‌ಗಳ ಕೆಲಸ ಚೊಕ್ಕವಾಗಿದೆ, ಅಂಚುಗಳಲ್ಲಿ ಚೂರುಪಾರು ಲೋಹ ಅಂಟಿಕೊಂಡಿಲ್ಲ. ಹೋಸ್ ತುದಿಯ ಕ್ವಿಕ್ ಕಪ್ಲರ್ ಮಾತ್ರ ಸ್ವಲ್ಪ ಜಿನುಗುತ್ತದೆ. ಒಳಗಿನ ಓ-ರಿಂಗ್ ಬದಲಾಯಿಸಿದ ಮೇಲೆ ನಿಂತಿತು. ಡಬ್ಬಿಯ ಲಾಕು ದುರ್ಬಲ. ಅದೇನು ದೊಡ್ಡ ವಿಷಯವಲ್ಲ.

ದೊಡ್ಡ ವಿಷಯ ಅಂದರೆ ಅಡಾಪ್ಟರಿನ ಥ್ರೆಡ್, ಅಂದರೆ ತಿರುಪಿನ ಸುತ್ತುಗೆರೆ. ಈ ಕಿಟ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಇದನ್ನೇ.

ಗೇಜ್ ಕೂರಿಸುವುದು ಎಂಜಿನ್ ಮೇಲೆ, ಆ ಕೆಂಪು ಲೈಟ್ ಹತ್ತಿಸುವ ಆಯಿಲ್ ಸ್ವಿಚ್ ಇರುವ ಜಾಗದಲ್ಲಿ. ಸ್ವಿಚ್ ಬಿಚ್ಚಿ, ಅದೇ ತೂತಿಗೆ ಅಡಾಪ್ಟರ್ ತಿರುಗಿಸಬೇಕು. ಕುಬೋಟಾ, ಯಾನ್ಮಾರ್ ತರಹದ ಜಪಾನಿ ಮೂಲದ ಸಣ್ಣ ಎಂಜಿನ್‌ಗಳಲ್ಲಿ ಈ ತೂತು ಸಾಮಾನ್ಯವಾಗಿ ಬ್ರಿಟಿಷ್ ಅಳತೆಯ 1/8 ಬಿಎಸ್‌ಪಿಟಿ. ಅಮೆರಿಕದ ಅಳತೆಯದು 1/8 ಎನ್‌ಪಿಟಿ. ಎರಡೂ ಕಣ್ಣಿಗೆ ಅವಳಿ-ಜವಳಿ. ಎರಡಕ್ಕೂ ತುದಿ ಕಿರಿದಾಗುತ್ತಾ ಹೋಗುವ ಟೇಪರ್ ಇದೆ, ದಪ್ಪವೂ ಹೆಚ್ಚುಕಡಿಮೆ ಒಂದೇ. ಆದರೆ ಬಿಎಸ್‌ಪಿಟಿಯಲ್ಲಿ ಇಂಚಿಗೆ 28 ಥ್ರೆಡ್, ಎನ್‌ಪಿಟಿಯಲ್ಲಿ 27. ಕೋನವೂ ಬೇರೆ, ಒಂದರದು 55 ಡಿಗ್ರಿ, ಇನ್ನೊಂದರದು 60. ಅದರ ಫಜೀತಿ ಏನಪ್ಪಾ ಅಂದರೆ, ತಪ್ಪು ಅಡಾಪ್ಟರ್ ಕೂಡ ಮೊದಲ ಒಂದೆರಡು ಸುತ್ತು ಬೆರಳಲ್ಲೇ ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ಟೇಪರ್ ಥ್ರೆಡ್ ಬಿಗಿಯಾಗುವುದು ಸಹಜ ತಾನೇ ಅಂತ ಸ್ಪ್ಯಾನರ್ ಹಾಕಿ ಎಳೆದರೆ ಬ್ಲಾಕಿನ ಥ್ರೆಡ್ ಹಾಳು. ಹಾಗೂ ಹೀಗೂ ಕೂತರೂ ಬಿಸಿ ಆಯಿಲ್ ಸೋರದೆ ಬಿಡುವುದಿಲ್ಲ.

ನಾನು ಮಾಡುವುದು ಹೀಗೆ. ಬಿಚ್ಚಿದ ಹಳೆ ಸ್ವಿಚ್ಚನ್ನೂ ಅಡಾಪ್ಟರನ್ನೂ ಒಂದರ ಪಕ್ಕ ಒಂದು ಒತ್ತಿ ಹಿಡಿದು ಬೆಳಕಿಗೆ ನೋಡುತ್ತೇನೆ. ಒಂದರ ಥ್ರೆಡ್ ಇನ್ನೊಂದರ ಸಂದಿಯಲ್ಲಿ ಉದ್ದಕ್ಕೂ ಸರಿಯಾಗಿ ಕೂತು ನಡುವೆ ಬೆಳಕು ಇಣುಕದಿದ್ದರೆ ಎರಡೂ ಒಂದೇ ಜಾತಿ. ಇಷ್ಟು ಚಿಕ್ಕ ತುಂಡಿನಲ್ಲಿ ವ್ಯತ್ಯಾಸ ತೀರಾ ಸಣ್ಣದು. ಹಾಗಾಗಿ ಥ್ರೆಡ್ ಅಳೆಯುವ ಗೇಜ್ ಇದ್ದರೆ ಇನ್ನೂ ಖಾತ್ರಿ. ಈ ಕಿಟ್‌ನಲ್ಲಿ ಎರಡೂ ಬಗೆಯ ಅಡಾಪ್ಟರ್ ಇವೆ, ಸಂತೋಷ. ಆದರೆ ಯಾವುದು ಯಾವುದು ಅಂತ ಮೈಮೇಲೆ ಗುರುತು ಹಾಕಿಲ್ಲ. ಬೆರಳ ತುದಿಯಷ್ಟು ಚಿಕ್ಕ ತುಂಡುಗಳು, ಡಬ್ಬಿ ಒಮ್ಮೆ ಮಗುಚಿದರೆ ಎಲ್ಲ ಕಲಸಿ ಹೋಗುತ್ತವೆ. ತಯಾರಿಸಿದವರು ಒಂದೊಂದರ ಮೇಲೂ ಅಚ್ಚು ಒತ್ತಿದ್ದರೆ ಎಷ್ಟು ಜನರ ಎಂಜಿನ್ ಬ್ಲಾಕ್ ಉಳಿಯುತ್ತಿತ್ತು! ನಾನು ಪರ್ಮನೆಂಟ್ ಮಾರ್ಕರ್‌ನಿಂದ ಬರೆದುಕೊಂಡೆ.

ಇಷ್ಟಾಯಿತು ಅಂತ ಕೂಡಲೇ ಗೇಜ್ ಜೋಡಿಸುವ ಆತುರ ಬೇಡ. ಮೊದಲು ಆಯಿಲ್ ನೋಡಿ. ಆಯಿಲ್ ಆಯಿಲ್ ಆಗಿಯೇ ಉಳಿದಿಲ್ಲ ಅಂದರೆ ಗೇಜ್ ತೋರಿಸುವ ಅಂಕಿಗೆ ಬೆಲೆ ಇಲ್ಲ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಐದು ನಿಮಿಷವಾದರೂ ಬಿಟ್ಟು ಮಟ್ಟ ಅಳೆಯುವ ಡಿಪ್‌ಸ್ಟಿಕ್ ತೆಗೆದೆ. ಮೇಲಿನ ಗೆರೆಗಿಂತ ಮೇಲೇ ಇತ್ತು. ಹಳೆ ಎಂಜಿನ್‌ನಲ್ಲಿ ಆಯಿಲ್ ಕಡಿಮೆಯಾಗಬೇಕೇ ಹೊರತು ಜಾಸ್ತಿಯಾಗಬಾರದು. ಜಾಸ್ತಿಯಾಗಿದೆ ಅಂದರೆ ಬೇರೇನೋ ಒಳಗೆ ಸೇರುತ್ತಿದೆ. ಆ ಬೇರೇನೋ ಮೂರರಲ್ಲಿ ಒಂದು: ಡೀಸೆಲ್, ರೇಡಿಯೇಟರ್ ನೀರು, ಇಲ್ಲಾ ಹೈಡ್ರಾಲಿಕ್ ಆಯಿಲ್. ಮೂರನೆಯದು ಬಹಳ ಜನರ ತಲೆಗೆ ಹೊಳೆಯುವುದೇ ಇಲ್ಲ. ಕೆಲವು ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಹೈಡ್ರಾಲಿಕ್ ಪಂಪು ಎಂಜಿನ್ನಿನ ಟೈಮಿಂಗ್ ಗೇರಿನಿಂದಲೇ ತಿರುಗುತ್ತದೆ. ಅದರ ಶಾಫ್ಟ್ ಸೀಲ್ ಹೋದರೆ ಹೈಡ್ರಾಲಿಕ್ ಆಯಿಲ್ ಸದ್ದಿಲ್ಲದೆ ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಅತ್ತ ಹೈಡ್ರಾಲಿಕ್ ಮಟ್ಟ ಇಳಿಯುತ್ತಿದ್ದರೆ, ಇತ್ತ ಎಂಜಿನ್ ಮಟ್ಟ ಏರುತ್ತಿದ್ದರೆ ಅನುಮಾನ ಅಲ್ಲಿಗೇ ಹೋಗಬೇಕು.

ನೀರು ಸೇರಿದ್ದರೆ ಆಯಿಲ್ ಬೂದಿಬಣ್ಣಕ್ಕೋ ಹಾಲು ಬೆರೆತ ಕಾಫಿ ಬಣ್ಣಕ್ಕೋ ತಿರುಗುತ್ತದೆ. ಆದರೆ ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಒಂದಿಷ್ಟು ಬಿಳಿ ಕೆನೆ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಗಾಬರಿಯಾಗಬೇಡಿ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಪದೇ ಪದೇ ಆರಿಸುವವರ ಗಾಡಿಯಲ್ಲಿ ಗಾಳಿಯ ತೇವವೇ ಅಲ್ಲಿ ಕೂತು ಹಾಗಾಗುತ್ತದೆ. ರೇಡಿಯೇಟರ್ ನೀರು ಇಳಿಯುತ್ತಿದೆಯಾ, ಡಿಪ್‌ಸ್ಟಿಕ್ ಮೇಲಿನ ಆಯಿಲ್ ಕೂಡ ಹಾಗೇ ಇದೆಯಾ ಅನ್ನುವುದನ್ನು ನೋಡಿ ತೀರ್ಮಾನಿಸಿ. ಇನ್ನು ಆಯಿಲ್ ಕಪ್ಪಾಗಿದೆ ಅನ್ನುವುದು ಡೀಸೆಲ್ ಎಂಜಿನ್‌ನಲ್ಲಿ ರೋಗವೇ ಅಲ್ಲ. ಹೊಸ ಆಯಿಲ್ ಹಾಕಿದ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ.

ನನ್ನ ಆಯಿಲ್ ಹಾಲಾಗಿರಲಿಲ್ಲ. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ ಬಂದ ಹಾಗೆ ಅನ್ನಿಸಿತು, ಆದರೆ ಡೀಸೆಲ್ ಗಾಡಿಯ ಪಕ್ಕ ನಿಂತವನ ಮೂಗನ್ನು ಎಷ್ಟು ನಂಬುವುದು? ಅದಕ್ಕೆ ಕಾಗದದ ಪರೀಕ್ಷೆ ಮಾಡಿದೆ. ಒಳ್ಳೆ ಫಿಲ್ಟರ್ ಪೇಪರ್ ತೆಗೆದುಕೊಂಡು, ಅದರ ಮಧ್ಯಭಾಗ ಎಲ್ಲಿಗೂ ತಾಗದಂತೆ ಒಂದು ಲೋಟದ ಬಾಯಿ ಮೇಲೆ ಇಟ್ಟು, ಬಿಸಿ ಎಂಜಿನ್ನಿನ ಡಿಪ್‌ಸ್ಟಿಕ್‌ನಿಂದ ಒಂದೇ ಹನಿ ಬಿಟ್ಟೆ. ಪಕ್ಕದಲ್ಲೇ ಇನ್ನೊಂದು ಕಾಗದದ ಮೇಲೆ ಡಬ್ಬದ ಹೊಸ ಆಯಿಲ್ ಒಂದು ಹನಿ. ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಗ್ಗೆ ನೋಡಿದರೆ ನನ್ನ ಎಂಜಿನ್ನಿನ ಹನಿ ಮಧ್ಯದಲ್ಲಿ ಕಪ್ಪು, ಅದರ ಸುತ್ತ ಬೂದು, ಅದರಾಚೆ ಅಗಲವಾದ ತಿಳಿಹಳದಿ ಉಂಗುರ. ಹೊಸ ಆಯಿಲ್ ಹನಿ ಅಷ್ಟು ದೂರ ಹರಡಿರಲಿಲ್ಲ. ಡೀಸೆಲ್ ತೆಳುವಾದ್ದರಿಂದ ಕಾಗದದಲ್ಲಿ ಎಲ್ಲಕ್ಕಿಂತ ಮುಂದೆ ಓಡಿ ಹೊರಗಿನ ಉಂಗುರ ಕಟ್ಟುತ್ತದೆ. ನೀರು ಇದ್ದಿದ್ದರೆ ಅಂಚು ಗರಗಸದ ಹಾಗೆ ಒಡೆದುಕೊಳ್ಳುತ್ತಿತ್ತು. ಎಷ್ಟು ಪರ್ಸೆಂಟ್ ಡೀಸೆಲ್ ಅಂತ ಇದು ಹೇಳುವುದಿಲ್ಲ, ಅದಕ್ಕೆ ಲ್ಯಾಬ್ ಬೇಕು. ಆದರೆ ಇದೆಯೋ ಇಲ್ಲವೋ ಅನ್ನುವುದಕ್ಕೆ ನನಗೆ ಅಷ್ಟು ಸಾಕಾಯಿತು.

ಆದರೂ ಆಯಿಲ್ ಬದಲಾಯಿಸುವ ಮೊದಲೇ ಒಂದು ಸಲ ಗೇಜ್ ಹಾಕಿ ನೋಡುವುದು ಅಂತ ತೀರ್ಮಾನಿಸಿದೆ. ರಿಪೇರಿಗೆ ಮೊದಲಿನ ಅಂಕಿ ಇಲ್ಲದಿದ್ದರೆ ಆಮೇಲಿನ ಅಂಕಿಯನ್ನು ಯಾವುದಕ್ಕೆ ಹೋಲಿಸುವುದು?

ಸ್ವಿಚ್ಚಿನ ವೈರ್ ತೆಗೆಯುವಾಗ ಪುಕ್ಕಟೆ ಪರೀಕ್ಷೆಯೊಂದು ಸಿಗುತ್ತದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ವೈರ್ ಬಿಚ್ಚಿ. ಲೈಟ್ ಆರಬೇಕು. ಆರದಿದ್ದರೆ ವೈರೇ ಎಲ್ಲೋ ಗಾಡಿಯ ಲೋಹಕ್ಕೆ ತಾಗಿದೆ, ಎಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಬಿಚ್ಚಿದ ವೈರನ್ನು ಎಂಜಿನ್ ಲೋಹಕ್ಕೆ ಮುಟ್ಟಿಸಿದರೆ ಲೈಟ್ ಹತ್ತಬೇಕು. ಹತ್ತದಿದ್ದರೆ ಬಲ್ಬ್ ಹೋಗಿದೆ, ಇಲ್ಲಾ ವೈರ್ ತುಂಡಾಗಿದೆ. ಇದು ಮಿಣುಕುವ ಲೈಟಿಗಿಂತ ಅಪಾಯ, ಯಾಕಂದ್ರೆ ಪ್ರೆಷರ್ ಪೂರ್ತಿ ಹೋದರೂ ಡ್ಯಾಶ್‌ಬೋರ್ಡ್ ಸುಮ್ನೆ ಇರುತ್ತದೆ.

ಅಡಾಪ್ಟರ್‌ಗೆ ಟೆಫ್ಲಾನ್ ಟೇಪ್ ಸುತ್ತುವಾಗ ಮೊದಲ ಥ್ರೆಡ್ ಖಾಲಿ ಬಿಡಿ. ಟೇಪಿನ ಚೂರು ಆಯಿಲ್ ದಾರಿಯೊಳಗೆ ಹೋದರೆ ಅದನ್ನು ಹೊರಗೆ ತರುವವರು ಯಾರು? ಹೋಸನ್ನು ಫ್ಯಾನ್, ಬೆಲ್ಟ್, ಸೈಲೆನ್ಸರ್ ಮೂರರಿಂದಲೂ ದೂರ ಕಟ್ಟಬೇಕು. ಪ್ರೆಷರ್ ಇರುವ ಬಿಸಿ ಆಯಿಲ್ ಅದು. ಬಿಸಿ ಮ್ಯಾನಿಫೋಲ್ಡ್ ಮೇಲೆ ಚಿಮ್ಮಿದರೆ ಬೆಂಕಿ ಹತ್ತಬಹುದು. ಮೊದಲ ಸ್ಟಾರ್ಟಿನಲ್ಲಿ ಒಬ್ಬರು ಸೀಟಿನಲ್ಲಿರಲಿ, ಇನ್ನೊಬ್ಬರು ಜೋಡಣೆ ನೋಡುತ್ತಿರಲಿ.

ಇನ್ನು ಅಂಕಿಗಳು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮುಳ್ಳು ಮೂರೂವರೆ ಬಾರ್ ಹತ್ತಿರ ಹಾರಿತು. ಇದನ್ನು ನೋಡಿ ಖುಷಿಪಡುವವರು ಬಹಳ. ತಣ್ಣಗಿನ ಪ್ರೆಷರ್ ಏನನ್ನೂ ಸಾಬೀತು ಮಾಡುವುದಿಲ್ಲ. ಪಂಪ್ ಮಾಡುವುದು ಆಯಿಲ್ ತಳ್ಳುವ ಕೆಲಸ ಮಾತ್ರ. ಆ ಆಯಿಲ್ ಬೇರಿಂಗಿನ ಸಂದಿಗಳಲ್ಲಿ ನುಸುಳಲು ಕಷ್ಟಪಟ್ಟಾಗ ಪ್ರೆಷರ್ ಹುಟ್ಟುತ್ತದೆ. ತಣ್ಣಗಿನ ಆಯಿಲ್ ದಪ್ಪ, ಸವೆದ ಸಂದಿಯಲ್ಲೂ ಕಷ್ಟದಲ್ಲೇ ನುಸುಳುತ್ತದೆ. ಹಾಗಾಗಿ ಸವೆದ ಎಂಜಿನ್ ಕೂಡ ಬೆಳಗ್ಗೆ ಹೊತ್ತು ಒಳ್ಳೆ ಅಂಕಿಯನ್ನೇ ತೋರಿಸುತ್ತದೆ. ನಿಜ ಗೊತ್ತಾಗುವುದು ಬಿಸಿಯಾದಾಗ. ಟೆಂಪರೇಚರ್ ಗೇಜ್ ಏರಿದರೆ ಸಾಲದು, ಅದು ನೀರಿನ ಬಿಸಿ. ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಲೋಡ್ ಹಾಕಿ ಅರ್ಧ ಗಂಟೆಯಾದರೂ ದುಡಿಸಿ, ಆರಿಸದೆ ಅಲ್ಲೇ ನೋಡಬೇಕು. ಫುಲ್ ರೇಸಿನಲ್ಲಿ ಒಂದು ಅಂಕಿ, ರೇಸ್ ಪೂರ್ತಿ ಇಳಿಸಿದ ಸ್ಲೋದಲ್ಲಿ ಒಂದು ಅಂಕಿ.

ನನ್ನದು ಬಿಸಿಯಲ್ಲಿ ಫುಲ್ ರೇಸಿಗೆ ಎರಡು ಬಾರ್ ತೋರಿಸಿತು. ಸ್ಲೋಗೆ ಇಳಿಸಿದಾಗ ಅರ್ಧ ಬಾರ್‌ಗಿಂತ ಕೆಳಗೆ ಇಳಿದು ನಡುಗುತ್ತಾ ನಿಂತಿತು.

ಎಷ್ಟಿರಬೇಕು ಅನ್ನುವುದಕ್ಕೆ ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್ಲೇ ಪ್ರಮಾಣ. ಒಂದು ಅಂದಾಜಿಗೆ ಹೇಳುವುದಾದರೆ, ಕುಬೋಟಾದ ಹಲವು ಸಣ್ಣ ಮೂರು ಸಿಲಿಂಡರ್ ಡೀಸೆಲ್ ಎಂಜಿನ್‌ಗಳ ಮ್ಯಾನುಯಲ್‌ನಲ್ಲಿ ಸ್ಲೋದಲ್ಲಿ ಕನಿಷ್ಠ ಅರ್ಧ ಬಾರ್, ಅಂದರೆ 7 ಪಿಎಸ್ಐ ಅಂತಿದೆ. ಪೂರ್ತಿ ವೇಗದಲ್ಲಿ ಸುಮಾರು 2ರಿಂದ 4.5 ಬಾರ್, ಒಂದೂವರೆ ಬಾರ್‌ಗಿಂತ ಕೆಳಗಿಳಿದರೆ ರಿಪೇರಿ. ಲೈಟಿನ ಸ್ವಿಚ್ ಕೂಡ ಹತ್ತಿರ ಹತ್ತಿರ ಅರ್ಧ ಬಾರ್‌ನಲ್ಲೇ ಹೊತ್ತಿಕೊಳ್ಳುವ ಹಾಗೆ ಮಾಡಿರುತ್ತಾರೆ. ಬಿಸಿ ಎಂಜಿನ್ ಸ್ಲೋದಲ್ಲಿ ಇದ್ದಾಗ ಲೈಟ್ ಮಿಣುಕಿದರೆ ಪ್ರೆಷರ್ ಆ ಗೆರೆಯ ಮೇಲೇ ಓಲಾಡುತ್ತಿದೆ ಅಂತ ಅರ್ಥ, ಸ್ವಿಚ್ ಸರಿ ಇದ್ದರೆ.

ಇಲ್ಲಿಗೆ ಬಂದಾಗಲೇ ಗೇಜಿನ ದೊಡ್ಡ ಕೊರತೆ ಗೊತ್ತಾಗಿದ್ದು. ಡಯಲ್ ಕೆಳಗೆ ಸಣ್ಣ ಅಕ್ಷರದಲ್ಲಿ "ಕ್ಲಾಸ್ 2.5" ಅಂತಿದೆ. ಅಂದರೆ ಪೂರ್ತಿ ಅಳತೆಯ ಎರಡೂವರೆ ಪರ್ಸೆಂಟ್ ಆಚೀಚೆ ಆಗಬಹುದು. ಮುಳ್ಳು ತೋರಿಸಿದ ಅಂಕಿಯ ಎರಡೂವರೆ ಪರ್ಸೆಂಟ್ ಅಲ್ಲ, ಪೂರ್ತಿ 10 ಬಾರ್‌ನದು. ಲೆಕ್ಕ ಹಾಕಿ: ಕಾಲು ಬಾರ್. ನಾಲ್ಕು ಬಾರ್ ಓದುವಾಗ ಕಾಲು ಬಾರ್ ವ್ಯತ್ಯಾಸ ಲೆಕ್ಕಕ್ಕಿಲ್ಲ. ಆದರೆ ನಮಗೆ ಬೇಕಾದ್ದು ಅರ್ಧ ಬಾರ್ ಇದೆಯೋ ಇಲ್ಲವೋ ಅನ್ನುವುದು. ಅರ್ಧ ಅಂತ ತೋರಿಸಿದಾಗ ನಿಜ ಕಾಲೂ ಇರಬಹುದು, ಮುಕ್ಕಾಲೂ ಇರಬಹುದು. ಎಂಜಿನ್ ಬಿಚ್ಚಬೇಕೋ ಬೇಡವೋ ಅನ್ನುವ ತೀರ್ಮಾನವೇ ಆ ಸಂದಿಯಲ್ಲಿದೆ! ಜೊತೆಗೆ ಡಯಲ್‌ನ ಆ ತುದಿಯಲ್ಲಿ ಗೆರೆಗಳು ಒತ್ತೊತ್ತಾಗಿವೆ. ಗ್ಲಿಸರಿನ್ ತುಂಬಿಲ್ಲವಾದ್ದರಿಂದ ಮುಳ್ಳು ಎಂಜಿನ್ ಜೊತೆ ನಡುಗುತ್ತದೆ, ಯಾವ ಗೆರೆ ಅಂತ ಹೇಳುವುದೇ ಕಷ್ಟ.

ಇದಕ್ಕೆ ದಾರಿ ಸುಲಭ. ಗೇಜ್ ಮಾತ್ರ ಹೋಸ್‌ನಿಂದ ಬಿಚ್ಚಿ ಬರುತ್ತದೆ. 0ಯಿಂದ 7 ಬಾರ್, ಅಂದರೆ 100 ಪಿಎಸ್ಐ ಅಳತೆಯ, ಕ್ಲಾಸ್ 1.6ರ, ಗ್ಲಿಸರಿನ್ ತುಂಬಿದ ಬೇರೆ ಗೇಜ್ ತಂದು ಹಾಕಿದೆ. ತಪ್ಪುವ ಅಂತರ ಕಾಲು ಬಾರ್‌ನಿಂದ ಬಾರ್‌ನ ಹತ್ತನೇ ಒಂದು ಭಾಗದ ಹತ್ತಿರಕ್ಕೆ ಇಳಿಯಿತು, ಮುಳ್ಳಿನ ನಡುಕವೂ ನಿಂತಿತು. ಎರಡೂ ಗೇಜನ್ನು ಗಾಳಿ ಕಂಪ್ರೆಸರ್‌ಗೆ ಮೂರು ಬಾಯಿಯ ಒಂದೇ ಟೀ ಪೈಪಿನಲ್ಲಿ ಜೋಡಿಸಿ ಹೋಲಿಸಿಯೂ ನೋಡಿದೆ. ಮೇಲಿನ ಅಂಕಿಗಳಲ್ಲಿ ಹೊಂದಿಕೆ ಚೆನ್ನಾಗಿತ್ತು. ಕೆಳಗೆ, ಒಂದು ಬಾರ್ ಆಸುಪಾಸಿನಲ್ಲಿ, ಕಿಟ್‌ನ ಗೇಜ್ ಸ್ವಲ್ಪ ಕಡಿಮೆ ತೋರಿಸುತ್ತಿತ್ತು. ಹೊಸ ಗೇಜ್ ಹಾಕಿ ಮತ್ತೆ ನೋಡಿದಾಗಲೂ ನನ್ನ ಎಂಜಿನ್ ಬಿಸಿಯಲ್ಲಿ ಅರ್ಧ ಬಾರ್ ದಾಟಲಿಲ್ಲ. ಹಾಗಾಗಿ ಕಡಿಮೆ ಇರುವುದು ನಿಜ ಅಂತ ಖಾತ್ರಿಯಾಯಿತು.

ಯಾಕೆ ಕಡಿಮೆ ಅನ್ನುವುದಕ್ಕೆ ಕಾಗದದ ಹಳದಿ ಉಂಗುರ ಆಗಲೇ ದಾರಿ ತೋರಿಸಿತ್ತು. ಡೀಸೆಲ್ ಎಲ್ಲಿಂದ ಬರುತ್ತಿದೆ? ಹನಿ ಹಾಕುವ ನಾಜಲ್ ಇರಬಹುದು, ಸವೆದ ಇಂಜೆಕ್ಷನ್ ಪಂಪ್ ಇರಬಹುದು, ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪ್ ಇರಬಹುದು. ಬಿಚ್ಚಲು ಸುಲಭವಾದ್ದು ಫೀಡ್ ಪಂಪ್. ಡೀಸೆಲ್ ಪೈಪುಗಳನ್ನು ಹಾಗೇ ಬಿಟ್ಟು, ಎರಡು ಬೋಲ್ಟ್ ಬಿಚ್ಚಿ ಪಂಪನ್ನು ಮಾತ್ರ ಎಂಜಿನ್ ಪಕ್ಕದಿಂದ ಹೊರಗೆಳೆದೆ. ಕೆಳಗೆ ಬಿಳಿ ಬಟ್ಟೆ ಹಿಡಿದು, ಎಂಜಿನ್ ಒಳಗಿರುವ ತುದಿಯ ಕಡ್ಡಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಬಿಡುತ್ತಾ ನೋಡಿದೆ. ಒತ್ತಿದಾಗಲೆಲ್ಲ ಕಡ್ಡಿಯ ಸುತ್ತ ಡೀಸೆಲ್ ಒಸರಿ ಬಟ್ಟೆಗೆ ತೊಟ್ಟಿಕ್ಕಿತು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಹೊಸ ಫೀಡ್ ಪಂಪ್, ಹೊಸ ಫಿಲ್ಟರ್, ಹೊಸ 15ಡಬ್ಲ್ಯೂ-40 ಡೀಸೆಲ್ ಎಂಜಿನ್ ಆಯಿಲ್. ಮತ್ತೆ ಅದೇ ರೋಟವೇಟರ್ ಕೆಲಸ, ಅದೇ ಬಿಸಿ. ಸ್ಲೋದಲ್ಲಿ ಒಂದು ಬಾರ್‌ಗೆ ತುಸು ಕಡಿಮೆ, ಫುಲ್ ರೇಸಿನಲ್ಲಿ ಮೂರು. ಬೇರಿಂಗ್ ಹೋಗಿದ್ದರೆ ಹೊಸ ಆಯಿಲ್ ಹಾಕಿದ ಮಾತ್ರಕ್ಕೆ ಇಷ್ಟು ಏರುತ್ತಿರಲಿಲ್ಲ. ಬಿಚ್ಚಿ ಅಂದಿದ್ದ ಎಂಜಿನ್ ಇದೇ!

ಆದರೂ ಲೈಟ್ ಆಗೊಮ್ಮೆ ಈಗೊಮ್ಮೆ ಮಿಣುಕುವುದು ಬಿಡಲಿಲ್ಲ. ಗೇಜ್ ಇಲ್ಲದಿದ್ದರೆ ನಾನು ಮತ್ತೆ ಎಂಜಿನ್ ಮೇಲೆಯೇ ಅನುಮಾನಪಡುತ್ತಿದ್ದೆ. ಒಂದು ಹಿತ್ತಾಳೆ ಟೀ ತಂದು (ಕಿಟ್‌ನಲ್ಲಿ ಇಲ್ಲ, ಇರಬೇಕಿತ್ತು) ಒಂದು ಬಾಯಿಗೆ ಸ್ವಿಚ್, ಇನ್ನೊಂದಕ್ಕೆ ಗೇಜ್ ಹಾಕಿದೆ. ಈಗ ಇಬ್ಬರಿಗೂ ಒಂದೇ ಪ್ರೆಷರ್. ಮುಳ್ಳು ಒಂದು ಬಾರ್ ಹತ್ತಿರ ಅಲ್ಲಾಡದೆ ನಿಂತಿದೆ, ಲೈಟ್ ಮಾತ್ರ ಮಿಣಮಿಣ! ಸ್ವಿಚ್ ಬಿಚ್ಚಿ ನೋಡಿದರೆ ವೈರ್ ಸಿಕ್ಕಿಸುವ ತುದಿಯ ಬುಡದಲ್ಲಿ ಆಯಿಲ್ ಜಿನುಗಿತ್ತು, ಒಳಗಿನ ಪೊರೆ ಹೋಗಿತ್ತು. ಹೊಸ ಸ್ವಿಚ್ ಹಾಕಿದ ಮೇಲೆ ಲೈಟ್ ಶಾಂತ. ಒಂದೇ ವೈರಿನ ಸ್ವಿಚ್ ತನ್ನ ಥ್ರೆಡ್ ಮೂಲಕವೇ ಅರ್ಥ್ ಪಡೆಯುವುದು. ಅದಕ್ಕೆ ಟೇಪನ್ನು ದಪ್ಪಗೆ ಸುತ್ತಬೇಡಿ, ಲೈಟ್ ಹತ್ತುವುದೇ ನಿಂತೀತು.

ಗೆಳೆಯರ ಟ್ರ್ಯಾಕ್ಟರಿನ ಕಥೆ ಬೇರೆ. ಅವರಿಗೆ ಯಾರೋ ಇನ್ನೂ ದಪ್ಪದ 20ಡಬ್ಲ್ಯೂ-50 ಆಯಿಲ್ ಹಾಕಿಸಿದ್ದರು. ಲೈಟ್ ಹತ್ತುತ್ತಿರಲಿಲ್ಲ, ಅವರೂ ನಿಶ್ಚಿಂತೆಯಿಂದ ಇದ್ದರು. ದಪ್ಪ ಆಯಿಲ್ ಮುಳ್ಳನ್ನು ಮೇಲೆತ್ತುತ್ತದೆ ನಿಜ, ಆದರೆ ಸವೆದ ಸಂದಿಯನ್ನು ತುಂಬುವುದಿಲ್ಲ. ತಣ್ಣಗಿರುವಾಗ ಅದು ಮೇಲಿನ ರಾಕರ್‌ವರೆಗೆ ತಲುಪಲು ತಡವೂ ಆಗುತ್ತದೆ. ಮ್ಯಾನುಯಲ್ ಹೇಳಿದ ಆಯಿಲ್ ಹಾಕಿ ಬಿಸಿಯಲ್ಲಿ ನೋಡಿದರೆ ಫುಲ್ ರೇಸಿನಲ್ಲೂ ಒಂದು ಬಾರ್ ದಾಟಲಿಲ್ಲ. ಡಿಪ್‌ಸ್ಟಿಕ್ ಸರಿ, ಡೀಸೆಲ್ ಇಲ್ಲ, ನೀರಿಲ್ಲ. ಹೆಚ್ಚಾದ ಪ್ರೆಷರನ್ನು ಹೊರಬಿಡುವ ರಿಲೀಫ್ ವಾಲ್ವ್ ಬಿಚ್ಚಿ ನೋಡಿದೆವು, ಸ್ಪ್ರಿಂಗ್ ಸರಿ, ಬಾಲ್ ಕೂರುವ ಜಾಗವೂ ಸ್ವಚ್ಛ. ಆಗ ಹಳೆ ಫಿಲ್ಟರನ್ನು ಸುತ್ತಲೂ ಕೊಯ್ದೆವು. ಒಳಗಿನ ಕಾಗದವನ್ನು ಬಿಡಿಸಿ, ಆಯಿಲ್ ಹಿಂಡಿ, ಬಿಸಿಲಿಗೆ ಹಿಡಿದೆವು. ಮಡಿಕೆ ಮಡಿಕೆಯಲ್ಲೂ ಪುಟ್ಟ ಪುಟ್ಟ ಹೊಳಪು. ಆಯಸ್ಕಾಂತ ಹಿಡಿದರೆ ಅಂಟಲಿಲ್ಲ. ಬಣ್ಣ ತಾಮ್ರದ್ದು. ಕ್ರ್ಯಾಂಕನ್ನು ಹಿಡಿದಿರುವ ಬೇರಿಂಗ್ ಶೆಲ್ಲಿನಲ್ಲಿ ಮೇಲ್ಪದರ ಮೆತ್ತನೆ ಲೋಹ, ಅದರ ಕೆಳಗೆ ತಾಮ್ರದ ಪದರ, ತಳದಲ್ಲಿ ಸ್ಟೀಲ್. ತಾಮ್ರ ಕಾಣಿಸಿದೆ ಅಂದರೆ ಮೇಲ್ಪದರ ಮುಗಿದಿದೆ. ಅವರು ಅಲ್ಲಿಗೇ ಓಡಿಸುವುದು ನಿಲ್ಲಿಸಿದರು. ಬಿಚ್ಚಿದಾಗ ಶೆಲ್‌ಗಳು ಸವೆದಿದ್ದವು, ಕ್ರ್ಯಾಂಕ್ ಮಾತ್ರ ಉಳಿದಿತ್ತು. ಇನ್ನಷ್ಟು ಓಡಿಸಿದ್ದರೆ ಅದೂ ಉಳಿಯುತ್ತಿರಲಿಲ್ಲ.

ಮುಳ್ಳು ಏರುತ್ತಾ ಬೀಳುತ್ತಾ ಕುಣಿಯುತ್ತಿದ್ದರೆ ಪಂಪ್ ಗಾಳಿ ಎಳೆಯುತ್ತಿರಬಹುದು: ಆಯಿಲ್ ಕಡಿಮೆ, ಚೇಂಬರಿನ ಜಾಲರಿ ಕಟ್ಟಿಕೊಂಡಿದೆ, ಇಲ್ಲಾ ಹೀರುವ ಪೈಪಿನ ಓ-ರಿಂಗ್ ಒಡೆದಿದೆ. ಸ್ಟಾರ್ಟ್ ಮಾಡಿ ಕೆಲವು ಸೆಕೆಂಡ್ ಕಳೆದ ಮೇಲೆ ಮುಳ್ಳು ಏಳುತ್ತಿದ್ದರೆ ಮೊದಲು ಫಿಲ್ಟರ್ ಬದಲಾಯಿಸಿ ನೋಡಿ. ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಕಳಪೆ ಫಿಲ್ಟರ್‌ಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಆಯಿಲ್ ಸುಡುವ ಎಂಜಿನ್ನಿಗೆ, ಅಂದರೆ ನೀಲಿ ಹೊಗೆ ಬಿಡುವುದಕ್ಕೆ, ಈ ಕಿಟ್‌ನಿಂದ ಪ್ರಯೋಜನವಿಲ್ಲ. ಪಿಸ್ಟನ್ ರಿಂಗ್ ಪೂರ್ತಿ ಸವೆದ ಎಂಜಿನ್ ಕೂಡ ಒಳ್ಳೆ ಪ್ರೆಷರ್ ತೋರಿಸಬಹುದು. ಅದಕ್ಕೆ ಕಂಪ್ರೆಷನ್ ಟೆಸ್ಟರ್ ಬೇಕು.

ಹೋಸ್ ಪರೀಕ್ಷೆಗೆ ಮಾತ್ರ. ಗೇಜ್ ಕಾಣುತ್ತಿದ್ದರೆ ಧೈರ್ಯ ಅಂತ ಅದನ್ನೇ ಕಟ್ಟಿಕೊಂಡು ಹೊಲಕ್ಕಿಳಿಯಬೇಡಿ. ಯಾವಾಗಲೂ ಅಂಕಿ ಬೇಕು ಅನ್ನುವವರು ಡ್ಯಾಶ್‌ಬೋರ್ಡಿಗೆ ಬೇರೆ ಗೇಜನ್ನು ಕಾಯಂ ಆಗಿ ಕೂರಿಸಿಕೊಳ್ಳುವುದು ಒಳ್ಳೆಯದು.

ಕೊಳ್ಳುವಾಗ ಅಡಾಪ್ಟರ್‌ಗಳಲ್ಲಿ 1/8 ಬಿಎಸ್‌ಪಿಟಿ ಇದೆಯಾ ಅಂತ ಮೊದಲು ಕೇಳಿ, ಇಲ್ಲದಿದ್ದರೆ ಆ ಕಿಟ್ ಬೇಡ. ಗೇಜ್ 7 ಬಾರ್‌ನದಾದರೆ ಉತ್ತಮ, 10 ಆದರೂ ನಡೆಯುತ್ತದೆ. ಗೇರ್‌ಬಾಕ್ಸ್ ಪರೀಕ್ಷೆಗೆ ಅಂತ ಮಾರುವ 35 ಬಾರ್‌ನದು ನಮ್ಮ ಕೆಲಸಕ್ಕೆ ಬಾರದು. ಹಿತ್ತಾಳೆ ಟೀ ಒಂದನ್ನು ಜೊತೆಗೇ ತಂದುಬಿಡಿ. ನಾನು ಈಗ ಆಯಿಲ್ ಬದಲಾಯಿಸಿದಾಗಲೆಲ್ಲ ಒಂದು ಸಲ ಗೇಜ್ ಹಾಕಿ, ಬಿಸಿಯಲ್ಲಿ ಬಂದ ಎರಡು ಅಂಕಿಯನ್ನು ಹೊಸ ಫಿಲ್ಟರಿನ ಮೈಮೇಲೆಯೇ ಬರೆದಿಡುತ್ತೇನೆ.